ಎಂಟಾಣೆಯ ಸದ್ದು

ಸವಳಂಗ ರಸ್ತೆಯ ನನ್ನ ಅಂಗಡಿಯಲ್ಲಿ
ಗಲ್ಲಾಪೆಟ್ಟಿಗೆಗೆ ಬೇಡದ ಒಂದು ಎಂಟಾಣೆ ಇದೆ.
ಅದಕ್ಕೀಗ ಏನೂ ಸಿಗುವುದಿಲ್ಲ.
ಕಾರ್ಬನ್ ಬಡಿದು ನೋಡಲು ಇಟ್ಟುಕೊಂಡಿದ್ದೇನೆ.

ಸಿಂಚನಾ ಹ್ಯಾಂಡಲ್‌ಬಾರು ಬಿಚ್ಚಿ ತಂದಳು.
ಆಗುಂಬೆ ಘಾಟಿಯ ಆರನೇ ತಿರುವಿನಲ್ಲಿ ಜಾರಿದಳಂತೆ.
ಮೊಣಕೈಗೆ ಬ್ಯಾಂಡೇಜು.
"ನೋಡಿ ಅಂಕಲ್, ಬಾರಿಗೆ ಬಣ್ಣ ಕೂಡ ಹೋಗಿಲ್ಲ,
ಭಾನುವಾರ ರೇಸಿದೆ."

ಕಬ್ಬಿಣವಾದರೆ ಹೇಳಿಬಿಡುತ್ತಿತ್ತು.
ಬಾಗುತ್ತದೆ, ತುಕ್ಕು ಕಾರುತ್ತದೆ,
ಚಾ ಸಿಗದ ನೆಂಟನ ಹಾಗೆ ಇಡೀ ದಾರಿ ಗೊಣಗುತ್ತದೆ.
ಇದು ಮರ್ಯಾದಸ್ಥ.
ಒಳಗೆ ಪದರ ಪದರ ಬಿಟ್ಟುಕೊಂಡರೂ
ಮುಖ ಹೊಳೆಯುತ್ತಲೇ ಇರುತ್ತದೆ.
ಇಳಿಜಾರಿನಲ್ಲಿ, ಐವತ್ತರ ವೇಗದಲ್ಲಿ,
ಒಂದೇ ಒಂದು ಮಾತಾಡುತ್ತದೆ.

ಅಮ್ಮ ಸಂತೆಯಲ್ಲಿ ಮಡಕೆಗೆ ಗೆಣ್ಣಿನಿಂದ ಬಡಿದು
ಕಿವಿ ಕೊಡುತ್ತಿದ್ದಳು.
"ಏನಂತೆ ಜೈನಬಿ, ಏನ್ ಹೇಳ್ತು?" ನಗುತ್ತಿದ್ದಳು ಕುಂಬಾರಗಿತ್ತಿ.
ಠಣ್ ಎಂದರೆ ಮನೆಗೆ. ಬದ್ ಎಂದರೆ ವಾಪಸ್ಸು.

ಎಡಗೊನೆಯಿಂದ ಶುರುಮಾಡಿದೆ.
ಟಿಕ್ ಟಿಕ್ ಟಿಕ್ ಟಿಕ್
ಸ್ಟೆಮ್ಮು ಕಚ್ಚುವ ಜಾಗದ ಹತ್ತಿರ
ಟುಕ್.
ಶಿಕಾರಿಪುರದ ಬಸ್ಸು ಹಾರ್ನ್ ಹೊಡೆದು ಹೋಯಿತು.
ಮತ್ತೆ ಬಡಿದೆ. ಟುಕ್ಕೋ, ಟಿಕ್ಕೋ.
"ಎಲ್ಲಾ ಒಂದೇ ಥರ ಇದೆಯಲ್ಲಾ" ಎಂದಳು.

ಅಬ್ಬಾ ಕಲಿಸಿದ್ದು ಒಂದೇ ಪಾಠ: ಹಲ್ಲು ಕಚ್ಚಿ ಬಿಗಿ.
ಹೋದ ವರ್ಷ ಈ ಬಾರನ್ನೂ ಹಾಗೇ ಬಿಗಿದಿದ್ದೆನಾ?
ಟಾರ್ಕ್ ಪಾನಾ ಕೊಂಡದ್ದು ಆಮೇಲೆ.
ಕಟ್ ಎಂದಾಗ ಕೈ ನಿಲ್ಲಿಸುವುದನ್ನು
ಐವತ್ತೆರಡರ ವಯಸ್ಸಿನಲ್ಲಿ ಕಲಿತೆ.

ಇದನ್ನು ಅವಳಿಗೆ ಹೇಳಲಿಲ್ಲ.
ಗರಗಸ ತಗೊಂಡೆ.
"ಅಂಕಲ್!" ಎನ್ನುವಷ್ಟರಲ್ಲಿ ಎರಡು ತುಂಡು,
ಒದ್ದೆ ಬಟ್ಟೆಯ ಮೇಲೆ ಕರೀ ಧೂಳು.

ಕೊಯ್ದ ಬಾಯನ್ನು ಬೆಳಕಿಗೆ ಹಿಡಿದೆವು.
ಈರುಳ್ಳಿಯಂತೆ ಪದರದ ಮೇಲೆ ಪದರ, ಅಚ್ಚುಕಟ್ಟು.
ಬಿರುಕಿಲ್ಲ.
ಭೂತಗನ್ನಡಿ ತಂದೆ. ಇಲ್ಲ.
ಇನ್ನೊಂದು ಇಂಚು ಆಚೆ ಇತ್ತೋ ಏನೋ.

ಅವಳು ಬಯ್ಯಲಿಲ್ಲ. ಅದೇ ಕಷ್ಟವಾಯಿತು.
ನನ್ನ ಸೈಕಲ್ಲಿನ ಅಲ್ಯೂಮಿನಿಯಂ ಬಾರು ಕಳಚಿ ಕೊಟ್ಟೆ,
ನೂರ ನಲವತ್ತು ಗ್ರಾಂ ಹೆಚ್ಚು.
"ಇದನ್ನು ಹೊತ್ತು ಘಾಟಿ ಹತ್ತಲಾ?"
ಏನೋ ಹೇಳಲು ಹೋಗಿ
ಬೋಲ್ಟಿಗೆ ಗ್ರೀಸು ಹಚ್ಚಿದೆ.

ಭಾನುವಾರ ಅಂಗಡಿ ತೆರೆಯಲಿಲ್ಲ.
ಬಾಗಿಲು ಅರ್ಧ ಎಳೆದುಕೊಂಡು
ಆ ತುಂಡುಗಳನ್ನೇ ಬಡಿಯುತ್ತ ಕೂತಿದ್ದೆ.
ಹನ್ನೊಂದೂವರೆಗೆ ಫೋನು. ಏಳನೇ ಜಾಗ.
"ಮತ್ತೆ ಅಂಕಲ್, ನಿಮ್ಮ ಬಾರು
ದಾರಿಯುದ್ದಕ್ಕೂ ಕಿರುಗುಟ್ಟುತ್ತೆ."

ಕಿರುಗುಟ್ಟಲಿ ಬಿಡಮ್ಮ, ಎಂದೆ.