ಒಂಟಿ ಸೀನು

ಹೊರಗ ಹೊಂಟಾಗ ಒಂದು ಸೀನಿದರ
ನಿಂದರಬೇಕು, ನೀರು ಕುಡೀಬೇಕು,
ಎರಡು ಸೀನಿದರ ಹೋದ ಕೆಲಸ ಆದಂಗ
ಅಂತಿದ್ಲು ನಮ್ಮವ್ವ.
ಅಕಿ ಬ್ಯಾಡಗಿ ಕಂಡಾಕಿ ಅಲ್ಲ.

ಇಲ್ಲಿ ಸೋಮವಾರ, ಗುರುವಾರ
ಚೀಲದ ಬಾಯಿ ಬಿಚ್ಚಿದ ಕೂಡಲೆ
ದಲಾಲಿ ಸೀನ್ತಾನ, ಹಮಾಲ ಸೀನ್ತಾನ,
ರೇಟು ಬರಿಯೋ ಹುಡುಗ ಸೀನಿ
ಒಂದು ಸೊನ್ನಿ ಹೆಚ್ಚಿಗಿ ಬರೀತಾನ,
ಕಂಡಕ್ಟರ್ ಸೀಟಿ ಊದಾಕ ಹೋಗಿ ಸೀನ್ತಾನ.
ಎಣಸಾಕ ಕುಂತ್ರ
ಊರಾಗ ಒಂದು ಕೆಲಸಾನೂ ಸುರು ಆಗೂದಿಲ್ಲ.

ನಾನು ಫಕ್ಕೀರವ್ವ. ತುಂಬು ಮುರಿಯಾಕಿ.
ಡಬ್ಬಿ ಯಾವುದು, ಕಡ್ಡಿ ಯಾವುದು
ಕಣ್ಣು ಮುಚ್ಚಿ ಬಟ್ಟಿನಾಗ ಹೇಳತೇನಿ.
ಮೂಗಿನಾಗ ಹೇಳಂದ್ರ ಆಗೂದಿಲ್ಲ.
ಅದು ಮೂಗುತಿ ತೂಗಹಾಕೂ ಗೂಟ.

ದೀಪಾವಳಿಗೆ ಹಿಡೀತೈತಿ, ಯುಗಾದಿಗೆ ಬಿಡತೈತಿ,
ಹನ್ನೊಂದು ವರ್ಷ ಹಿಂಗ.
ಈ ಸಲ ಯುಗಾದಿ ದಾಟಿದ್ರೂ ಬಿಡಲಿಲ್ಲ.
ಮಾಬೂಬಿ ಅರಿಷಿಣದ ಕೊಂಬು ಸುಟ್ಟು ಹೊಗಿ ಹಿಡದ್ಲು,
ಶೇಕವ್ವ ಸೆರಗಿಗೆ ಅಜವಾನದ ಗಂಟು ಕಟ್ಟಿದ್ಲು.
ಮೆಣಸಿನಕಾಯಿ ಜಡ್ಡಿಗೆ ಮೆಣಸಿನಕಾಳಿನ ಕಷಾಯ!
ನಕ್ಕೊಂತ ಕುಡದೆ.
ಕಡೀಕ, ನೆಗಡಿಗೆ ನೆಗಳೂರ ಡಾಕ್ಟರು.

ಜ್ವರ?
ಇಲ್ಲರಿ.
ಮೈಕೈ ನೋವು?
ಅದು ಎಂದ ಇಲ್ಲರಿ?
ಸಿಂಬಳ ಗಟ್ಟಿನೋ, ತೆಳ್ಳಗೋ? ಬಣ್ಣ?
ಗಂಡ ಸೈತ ನನ್ನ ಇಷ್ಟು ವಿಚಾರಿಸಿದ್ದಿಲ್ಲ.
ನೀರಿನಂಗರಿ. ನಳದ ವಾಷರ್ ಹೋದಂಗ.
ಕಣ್ಣು ತುರಸ್ತಾವ? ಅಂಗುಳ?
ಅಂಗಳ ಸಾರಿಸೇ ಬಂದೇನ್ರಿ, ಅಂದೆ.

ಡಾಕ್ಟರು ನಗಲಿಲ್ಲ. ಇದು ನೆಗಡಿ ಅಲ್ಲವ್ವ, ಅಲರ್ಜಿ.
ನೆಗಡಿ ಬೀಗರಿದ್ದಂಗ, ವಾರಕ್ಕ ತಾನ ಹೋಗತೈತಿ.
ಇದನ್ನ ನೀನ ಬಿಟ್ಟು ಹೋಗಬೇಕು.
ನಾಲ್ಕು ದಿನ ಊರು ಬಿಟ್ಟು ನೋಡು.
ರಾತ್ರಿಗೆ ಒಂದು ಗುಳಗಿ, ನಿದ್ದಿ ಬಂದೀತು.
ಬರ್ಲಿ ಬಿಡ್ರಿ, ಅಂದೆ.

ಬೆಟಗೇರಿ, ತಂಗಿ ಮನಿ.
ಮೂರನೇ ದಿನ ನಸಿಕಿನಾಗ
ಬಲಗಡಿ ಹೊಳ್ಳಿ ಟಪ್ಪಂತ ತೆರೀತು.
ಮೊದಲ ಬಂದದ್ದು ಮಗ್ಗದ ನೂಲಿನ ಗಂಜಿ.
ಆಮ್ಯಾಲೆ ಉಕ್ಕಿ ಒಲಿಗೆ ಬಿದ್ದ ಹಾಲು,
ಯಾರದೋ ಮನಿ ಬೆಳ್ಳುಳ್ಳಿ,
ತೋಯ್ದ ಗ್ವಾಡಿ.
ಕಳದ ಸಾಮಾನು ಸಿಕ್ಕಂಗ ಒಂದೊಂದ ಇಸಗೊಂಡೆ.

ಇನ್ನೊಂದು ಇತ್ತು. ಎಲ್ಲಾಕಿಂತ ಹತ್ತರ.
ಒಣಾ, ಕೆಂಪು, ಸುಟ್ಟಂಗ, ಅದರಾಗ ಸ್ವಲ್ಪ ಸಿಹಿ.
ಚೀಲದಾಗ ಹುಡುಕಿದೆ, ಹಾಸಗ್ಯಾಗ ಹುಡುಕಿದೆ.
ನನ್ನ ಜಡ್ಯಾಗ ಇತ್ತು. ನನ್ನ ಬಟ್ಟಿನ ಸಂದ್ಯಾಗ.
ಬಸ್ಸಿನಾಗ ಬಾಜೂಕ ಕುಂತಾಕಿ
ಎದ್ದು ಯಾಕ ಹೋದ್ಲು, ಈಗ ತಿಳೀತು.

ತಂಗಿ ಮಗಳು ಪೂರ್ಣಿ ನಿದ್ದಿಗಣ್ಣಾಗ ಬಂದು
ದೊಡ್ಡವ್ವಾ ಅಂತ ಕೊರಳಿಗೆ ಜೋತುಬಿದ್ಲು,
ಕುತಗಿ ಸಂದಿಗೆ ಮಾರಿ ಒತ್ತಿ
ಒಮ್ಮೆ ಸೀನಿದ್ಲು.

ನಾ ಉಸಿರು ಹಿಡದು ನಿಂತೆ
ಇನ್ನೊಂದಕ್ಕ.