ದಾರ

ನ್ಯೂಕ್ಯಾಸಲ್ಲಿನ ಕಡಲಕೊಳ, ಬಟ್ಟೆ ಬದಲಿಸುವ ಕೋಣೆ. ನೆಲವೆಲ್ಲ ಮರಳು.
ಚಿಲಕದ ಈಚೆ ನಾನು, ಒಂದು ಕಾಲು ಬೆಂಚಿನ ಮೇಲೆ.
ಆಚೆ ಎಪ್ಪತ್ತಮೂರರ ಡೋರೀನ್,
ತನ್ನದು ನಿಂತು ಇಪ್ಪತ್ತು ವರ್ಷವಾದರೂ
ಯಾರಿಗಾದರೂ ಬೇಕಾದೀತೆಂದು
ಚೀಲದಲ್ಲಿ ಪೊಟ್ಟಣ ಇಟ್ಟುಕೊಂಡವಳು.

"ಕೈ ತೊಳೆದೆಯಾ? ಕೊಟ್ಟಿರುವುದು ಎಲ್ಲಕ್ಕಿಂತ ಚಿಕ್ಕದು.
ನೆಟ್ಟಗೆ ಮೇಲಕ್ಕಲ್ಲ, ಬೆನ್ನಿನ ಕಡೆಗೆ, ಓರೆಯಾಗಿ.
ಮೊದಲು ಉಸಿರು ಬಿಡು, ಮಾರಾಯ್ತಿ."
ಮಾರಾಯ್ತಿ ಅಂದದ್ದು ನನ್ನ ಕಿವಿ, ಅವಳಲ್ಲ.

ಕಾಗೆ ಮುಟ್ಟಿದೆ ಎನ್ನುತ್ತಿದ್ದಳು ಅಮ್ಮ.
ಮೂರು ದಿನ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ.
ಈಗ ಈ ಬಿಳಿ ದಾರ,
ಬೆರಳಿಗೆ ಸುತ್ತಿ, ಜಗ್ಗಿ ನೋಡಿದೆ. ಗಟ್ಟಿಯಿದೆ.

ಮೊದಲನೆಯದು ಅರ್ಧದಲ್ಲೇ ಕಚ್ಚಿಕೊಂಡಿತು. ತೆಗೆದು ಬಿಸಾಕಿದೆ.
ಎರಡನೆಯದು ಹೋಯಿತು.
ಎಲ್ಲಿದೆ ಎಂದು ಒಳಗೇ ಹುಡುಕಿದರೆ
ಏನೂ ಅನ್ನಿಸಲಿಲ್ಲ.
"ಅನ್ನಿಸದಿದ್ದರೆ ಸರಿಯಾಗಿದೆ ಅಂತಲೇ."

ನೀರು ಐಸು. ಗೋಡೆಯಿಂದ ಗೋಡೆಗೆ ಈಜಿದೆ,
ಕುಡಿದದ್ದೇ ಹೆಚ್ಚು.
ಕಡಲಹಕ್ಕಿಯೊಂದು ತಲೆಗೆ ತಾಗುವಷ್ಟು ಹತ್ತಿರ ಹಾರಿತು.
ಮುಟ್ಟಲಿ ಬಿಡು.

ದಂಡೆಯಿಂದ ಡೋರೀನ್ ಕೈಗಡಿಯಾರ ತೋರಿಸಿ ಕೂಗುತ್ತಾಳೆ:
"ಮೂರು ಗಂಟೆಗೆ ಬದಲಿಸು, ಮರೆತು ಮಲಗಿಬಿಡಬೇಡ!"
ಕೊಳದ ತುಂಬ ಜನ.
ಎಲ್ಲರಿಗೂ ಕೇಳಿಸಿತು.