ಹೆಸರು ಕೇಳುವ ಕೆಲಸ

ಸೊಹಾರಿನ ಈ ವಾರ್ಡಿನಲ್ಲಿ ಎಲ್ಲಕ್ಕಿಂತ ಅಪಾಯದ ಮದ್ದು
ಕೆಂಪು ಚೀಟಿ ಅಂಟಿಸಿ ಬೀಗ ಜಡಿದ ಕಪಾಟಿನಲ್ಲಿಲ್ಲ.
ಅದು ‘ಹೌದು’ ಎಂಬ ಮಾತು.

‘ನೀವು ಖಲ್ಫಾನ್ ಬಿನ್ ಹುಮೈದ್ ತಾನೇ?’ ಎಂದು ಕೇಳಿದ್ದೆ,
ಬಂದ ಮೊದಲ ವರ್ಷ, ಅರ್ಧ ಕಲಿತ ಅರಬಿಯಲ್ಲಿ.
ಹನ್ನೊಂದನೇ ಮಂಚದ ಮುದುಕ ‘ಅಯ್ವಾ’ ಎಂದ.
ಕಿವಿ ಮಂದ; ಎದುರು ನಿಂತವರಿಗೆ ಇಲ್ಲ ಎಂದು ರೂಢಿಯಿಲ್ಲ.
ಅವನು ಖಲ್ಫಾನ್ ಬಿನ್ ಹಮದ್.
ಹುಮೈದನ ಮಗ ಹದಿನಾಲ್ಕರಲ್ಲಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದ.
ನನ್ನ ಕೈಯಲ್ಲಿ ಹದಿನೆಂಟು ಯೂನಿಟ್ ಇನ್ಸುಲಿನ್.

ಹೊಟ್ಟೆಯ ಚರ್ಮ ಚಿವುಟಿ ಹಿಡಿದೂ ಆಗಿತ್ತು.
ರೊವೆನಾ, ಇಲೊಯಿಲೊದವಳು, ಎಂದೂ ದನಿ ಎತ್ತದವಳು,
ಪಕ್ಕದ ಮಂಚದಿಂದ ಅಂದಳು:
‘ಕೈಪಟ್ಟಿ ಓದು. ಬಾಯಿಬಿಟ್ಟು ಓದು.’
ಓದಿದೆ. ನಾಲ್ಕನೇ ಅಂಕಿಗೆ ನಾಲಿಗೆ ನಿಂತುಹೋಯಿತು.

ಅಂದು ಯಾರಿಗೂ ಏನೂ ಆಗಲಿಲ್ಲ.
ಏನೂ ಆಗದ್ದಕ್ಕೂ ಒಂದು ಫಾರಂ ಇದೆ ಇಲ್ಲಿ.
ತುಂಬಿದೆ. ‘ಯಾರಿಂದ’ ಎಂಬ ಕಡೆ
ಹುಮ್ನಾಬಾದಿನ ಮಿಷನ್ ಶಾಲೆ ತಿದ್ದಿಸಿದ ದುಂಡು ಅಕ್ಷರಗಳಲ್ಲಿ:
ಸುಗಂಧಾ ಪ್ರಭುದಾಸ.

ಆಮೇಲೆ ನಾನು ಯಾರ ಹೆಸರನ್ನೂ ಹೇಳುವುದಿಲ್ಲ, ಕೇಳುತ್ತೇನೆ.
ಹಮದನ ಮಗ ಖಲ್ಫಾನ್ ಮತ್ತೆ ಬಂದಿದ್ದಾನೆ,
ಕಾಲು ಬಾತು, ಉಸಿರು ಗಂಟಲಿಗೇರಿ.
ದಿನಕ್ಕೆ ನಾಲ್ಕು ಸಲ ರೇಗುತ್ತಾನೆ:
‘ಬೆಳಿಗ್ಗೆಯಷ್ಟೇ ಹೇಳಿದೆನಲ್ಲ ಮಗಳೇ, ಎಂಥ ಮರೆವು ನಿನಗೆ!
ನನ್ನ ಗುಳಿಗೆಗಳಲ್ಲಿ ಒಂದನ್ನು ನೀನೇ ನುಂಗು.’
ನಗುತ್ತೇನೆ, ಮತ್ತೆ ಕೇಳುತ್ತೇನೆ, ಹೇಳುತ್ತಾನೆ
ತನ್ನದು, ಅಪ್ಪನದು, ಅಜ್ಜನದು, ಕಬೀಲೆಯದು,
ಸಿಟ್ಟು ಹೆಚ್ಚಿದ ದಿನ ತೋಟದ ಕತ್ತೆಯದೂ.

ಈಗ ರಂಜಾನ್. ಬೆಳಗಿನ ಎಂಟರ ಗುಳಿಗೆಗೆ ಬಾಯಿ ಬಿಗಿದ.
ಡಾಕ್ಟರು ಬೇಡವೆಂದರೂ ಉಪವಾಸ.
ಬೇಡಿದೆವು, ಬೈದೆವು, ಕಡೆಗೆ ಆದೇಶವನ್ನೇ ತಿದ್ದಿಸಿ
ಹೊತ್ತನ್ನು ಮಗ್ರಿಬಿಗೆ ಸರಿಸಿದೆವು.
ಆಜಾನ್ ಮುಗಿದಿದೆ. ತಟ್ಟೆಯಂಚಿನಲ್ಲಿ ಮೂರು ಖರ್ಜೂರದ ಬೀಜ.
ಕಿಟಕಿಯಾಚೆ ಬಂದರಿನ ಕ್ರೇನುಗಳಿಗೆ ದೀಪ ಹತ್ತಿದೆ.
‘ಕೊಡು’ ಎಂದು ಅಂಗೈ ಚಾಚಿದ್ದಾನೆ.

ಬಟ್ಟಲಲ್ಲಿ ಕಡಲೆಬೇಳೆಗಿಂತ ಸಣ್ಣ ಗುಳಿಗೆ.
ಬರೆದವರ ಚುಕ್ಕಿಯೊಂದು ಜರುಗಿದರೆ ಹತ್ತು ಪಟ್ಟು.
‘ತಡಿ ಬಾಬಾ’ ಎಂದು ಸ್ಟೆತಸ್ಕೋಪು ಎದೆಗಿಟ್ಟು
ಗಡಿಯಾರದ ಸಣ್ಣ ಮುಳ್ಳನ್ನು ಹಿಂಬಾಲಿಸುತ್ತೇನೆ,
ಪೂರ್ತಿ ಒಂದು ನಿಮಿಷ.
ಅರ್ಧ ಎಣಿಸಿ ಇಮ್ಮಡಿ ಮಾಡುವಂತಿಲ್ಲ;
ಈ ಎದೆ ಲೆಕ್ಕ ಕಲಿತದ್ದಲ್ಲ,
ನಾಲ್ಕು ಹೆಜ್ಜೆ ಓಡಿ, ಕೂತು,
ಏನೋ ಮರೆತಂತೆ ಹಿಂದೆ ನೋಡಿ, ಮತ್ತೆ ಹೊರಡುವಂಥದ್ದು.
ಟ್ರಾಲಿಯ ಚಕ್ರ ಕಿರುಗುಡುತ್ತದೆ. ಯಾರೋ ‘ಸಿಸ್ಟರ್’ ಎನ್ನುತ್ತಾರೆ.
ಐವತ್ತೆರಡು.
ಐವತ್ತಮೂರು.
ಐವತ್ತನಾಲ್ಕು.
ಮುಳ್ಳು ಹನ್ನೆರಡಕ್ಕೆ ಬಂತು.

ಅರವತ್ತಾದರೂ ಇರಬೇಕಿತ್ತು.

ದಿನವಿಡೀ ಕಾದ ಅಂಗೈ ಇನ್ನೂ ಚಾಚಿಯೇ ಇದೆ.
‘ಇವತ್ತು ಬೇಡ. ಡಾಕ್ಟರಿಗೆ ಫೋನು ಮಾಡಿ ಬರುತ್ತೇನೆ.’
ಕೊಡದಿರುವುದಕ್ಕೂ ಶಾಯಿ ಬೇಕು.
ಬರೆದೆ: ಹೊತ್ತು, ಐವತ್ತನಾಲ್ಕು, ಕೊಡಲಿಲ್ಲ.
ಸಹಿ ಮಾಡಲು ಪೆನ್ನು ಊರಿದ್ದೆ,

ಹಿಂದಿನಿಂದ ಅವನು:
‘ಮಗಳೇ, ಇವತ್ತು ನನ್ನ ಹೆಸರು ಕೇಳಲೇ ಇಲ್ಲವಲ್ಲ?’

ಪೆನ್ನು ಎತ್ತಿದೆ.
ತಿರುಗಿ ಹೋಗಿ, ಕೇಳಿದೆ.